ಕಡೂರಿನ 24 ಮನೆಗಳು: ಸದ್ಯ ಮಣ್ಣಿನ ಕೆಲಸ

ಹದ್ದುಬಸ್ತು ಕೊನೆಗೂ ಮುಗಿದು ನಾಲ್ಕು ಮೂಲೆಗೂ ಕಲ್ಲು ಬಿದ್ದಿದೆ. ಪಕ್ಕದ ತೆಂಗಿನ ತೋಟದ ಯಜಮಾನರು ಸರ್ವೆಯರ್ ಬಂದಾಗಿನಿಂದ ಹುಬ್ಬು ಗಂಟಿಕ್ಕಿಕೊಂಡೇ ನಿಂತಿದ್ದರು. ಅವರದೇ ಜಾಗ ಒಂದು ಮೊಳ ನಮ್ಮ ಕಡೆಗೆ ಬಿಟ್ಟುಹೋಗಿದೆ ಎಂದು ಗೊತ್ತಾದ ಮೇಲೆ ಎಲ್ಲರಿಗೂ ಎಳನೀರು ಬಂತು.

ಇಲ್ಲಿ ಬರಬೇಕಾದದ್ದು 24 ಮನೆ, ಒಂದೊಂದರ ಒಳಅಳತೆ 30 ಚದರ ಮೀಟರ್. ಪ್ರಧಾನ ಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗದ ಲೆಕ್ಕದಲ್ಲಿ ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ವರಮಾನವಿರುವ ಕುಟುಂಬ ಆರ್ಥಿಕವಾಗಿ ದುರ್ಬಲ. ಅಂಥವರ ಮನೆಯ ಗೋಡೆ ಐದು ವರ್ಷಕ್ಕೆ ಬಿರುಕು ಬಿಟ್ಟರೆ ದುರಸ್ತಿ ಮಾಡಿಸುವವರು ಯಾರು? ಟೈಲ್ಸ್ ಬಣ್ಣದ ಚರ್ಚೆ ಆಮೇಲಾಗಲಿ, ಮೊದಲು ನೆಲಕ್ಕೆ ದುಡ್ಡು ಹಾಕೋಣ ಎಂದು ಹಟ ಹಿಡಿದಿದ್ದೇನೆ. ಸಭೆಯಲ್ಲಿ ಇದರಿಂದ ನನಗೆ ಒಳ್ಳೆಯ ಹೆಸರೇನೂ ಬಂದಿಲ್ಲ.

ಜೆಸಿಬಿಯಿಂದ ನಾಲ್ಕು ಮೂಲೆಯಲ್ಲೂ ನಡುವೆಯೂ ಎರಡು ಮೀಟರ್ ಆಳದ ಗುಂಡಿ ತೆಗೆಸಿದೆವು. ಮೇಲ್ಭಾಗದಲ್ಲೆಲ್ಲ ಕೆಂಪು ಮಣ್ಣು, ಅದರಡಿಯಲ್ಲಿ ಗಟ್ಟಿ ಗರಸು. ಮೇಸ್ತ್ರಿಯ ಮುಖ ಅರಳಿತು. ಈಶಾನ್ಯದ ತಗ್ಗಿನ ಗುಂಡಿಯಲ್ಲಿ ಮಾತ್ರ ಮೊಣಕಾಲುದ್ದ ಇಳಿಯುವಷ್ಟರಲ್ಲಿ ಎರೆ ಮಣ್ಣು ಬಂತು. ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುವ ಮಣ್ಣು ಇದು. ಜೋಳಕ್ಕೆ, ಹತ್ತಿಗೆ ಚಿನ್ನ; ಪಾಯಕ್ಕೆ ಶತ್ರು.

ಎಷ್ಟು ಉಬ್ಬುತ್ತದೆ ಎಂದು ನೋಡುವ ಪರೀಕ್ಷೆ ಅಗ್ಗದ್ದು. ಒಣಗಿಸಿ 425 ಮೈಕ್ರಾನ್ ಜರಡಿ ಹಿಡಿದ ಮಣ್ಣನ್ನು ಹತ್ತು ಹತ್ತು ಗ್ರಾಂ ತೂಗಿ, ಅಳತೆಯ ಗೆರೆಗಳಿರುವ ಎರಡು ಗಾಜಿನ ಕೊಳವೆಗೆ ಹಾಕಬೇಕು. ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ. 24 ಗಂಟೆ ಬಿಟ್ಟು ವ್ಯತ್ಯಾಸ ನೋಡಿದರಾಯಿತು. ನಮ್ಮ ಎರೆ ಮಣ್ಣು ಸೀಮೆಎಣ್ಣೆಯಲ್ಲಿ 10 ಮಿಲಿಲೀಟರ್ ಗೆರೆಯಲ್ಲಿ ನಿಂತಿತು, ನೀರಿನಲ್ಲಿ 16ಕ್ಕೆ ಏರಿತು. ಅಂದರೆ ಶೇಕಡ 60. ಐವತ್ತು ದಾಟಿದ ಮಣ್ಣನ್ನು ನಾನು ನಂಬುವುದಿಲ್ಲ.

ಅಡಿಯಲ್ಲಿ ಗುಬುಟು ಬಿಟ್ಟ ಪೈಲ್, ಅಂದರೆ ನೆಲದಾಳಕ್ಕೆ ಹೋಗುವ ಕಾಂಕ್ರೀಟ್ ಕಂಬ, ಇಳಿಸಿ ಅಲ್ಲಿಯೂ ಮನೆ ಕಟ್ಟಬಹುದು. ಇಂಥ ಮಣ್ಣಿಗೆಂದೇ ಇರುವ ವಿಧಾನ ಅದು. ಆದರೆ ಎರಡು ಮನೆಗಾಗಿ ಪೈಲಿನ ಯಂತ್ರ ತರಿಸುವುದು ನಮ್ಮ ಲೆಕ್ಕಕ್ಕೆ ಹೊಂದುವುದಿಲ್ಲ. ಆ ಎರಡು ಮನೆಗಳನ್ನು ಮೇಲಿನ ಸಾಲಿಗೆ ಸರಿಸಿ, ತಗ್ಗನ್ನು ಉದ್ಯಾನಕ್ಕೂ ಮಳೆನೀರಿನ ಹೊಂಡಕ್ಕೂ ಬಿಟ್ಟಿದ್ದೇವೆ. ಹೇಗೂ ಬಡಾವಣೆಗೆ ಉದ್ಯಾನದ ಜಾಗ ಬಿಡಲೇಬೇಕು.

ನಿಜವಾದ ಜಗಳ ನಡೆದದ್ದು ಮಟ್ಟದ ವಿಷಯಕ್ಕೆ. ಜಾಗದ ಉದ್ದ 90 ಮೀಟರ್, ಅಗಲ 40. ರಸ್ತೆ ಮೇಲ್ತುದಿಯಲ್ಲಿದೆ, ಕೆಳತುದಿ 2.4 ಮೀಟರ್ ತಗ್ಗು. ‘ಪೂರ್ತಿ ರಸ್ತೆ ಮಟ್ಟಕ್ಕೆ ತುಂಬಿಸಿಬಿಡಿ ಸಾರ್, ನೋಡುವುದಕ್ಕೂ ಚೆನ್ನ’ ಎಂದರು ಗುತ್ತಿಗೆದಾರರು. ಸರಾಸರಿ 1.2 ಮೀಟರ್ ಎಂದರೂ 4,320 ಘನ ಮೀಟರ್ ಮಣ್ಣು ಬೇಕು. ಟಿಪ್ಪರಿಗೆ ಆರೇಳು ಘನ ಮೀಟರಿನಂತೆ ಆರುನೂರು ಲೋಡಿಗೂ ಮೇಲಾಯಿತು. ಅಷ್ಟು ಮಣ್ಣಿಗೆ ಯಾವ ಗುಡ್ಡ ಬಗೆಯುವುದು? ಬದಲಿಗೆ 60 ಸೆಂಟಿಮೀಟರ್ ಎತ್ತರದ ಮೆಟ್ಟಿಲಿನಂತೆ ನಾಲ್ಕು ಹಂತ ಮಾಡಿದರೆ, ಪ್ರತಿ ಹಂತದ ಮೇಲರ್ಧದಲ್ಲಿ ಕೆತ್ತಿದ ಮಣ್ಣೇ ಕೆಳಗಿನ ಅರ್ಧಕ್ಕೆ ಸಾಲುತ್ತದೆ. ನಡುವೆ ಸೈಜುಗಲ್ಲಿನ ಮೂರು ತಡೆಗೋಡೆ ಮಾತ್ರ ಹೆಚ್ಚುವರಿ. ಮಲೆನಾಡಿನವರು ಗದ್ದೆ ಮಾಡಿದ್ದೂ ಹೀಗೆಯೇ. ಗುತ್ತಿಗೆದಾರರು ಒಪ್ಪಿದ್ದಾರೆ, ಮನಸ್ಸಿನಿಂದಲೋ ಇಲ್ಲವೋ.

ಮೇಲ್ಮಣ್ಣನ್ನು 15 ಸೆಂಟಿಮೀಟರ್ ಕೆರೆದು ಬೇರೆ ರಾಶಿ ಹಾಕಿಸಿದ್ದೇನೆ. ಹುಲ್ಲು ಬೇರುಗಳಿರುವ ಆ ಮಣ್ಣು ತುಂಬುವುದಕ್ಕೆ ಬರುವುದಿಲ್ಲ, ಗಿಡಗಳಿಗೆ ಬೇಕಾಗುತ್ತದೆ. ಎರಡನೇ ಹಂತದ ಅಂಚಿನ ಹುತ್ತವನ್ನು ಯಾರೂ ಮುಟ್ಟುವುದಿಲ್ಲ ಎಂದರು. ಅದರ ಸುತ್ತ ನಾಲ್ಕು ಅಡಿ ಬಿಟ್ಟು ದಾರಿಯನ್ನೇ ತಿರುಗಿಸಿದೆವು. ಗೆದ್ದಲಿನ ಔಷಧಿಯನ್ನು ಪಾಯದ ಗುಂಡಿಗಳಿಗೆ ಹೊಡೆಯುವುದಂತೂ ಇದ್ದೇ ಇದೆ.

ಮೇಲ್ತುದಿಯ ಚರಂಡಿ ಮುಗಿದಿದೆ. ರಸ್ತೆಯ ನೀರು ಇನ್ನು ಬದಿಯಿಂದ ಸುತ್ತಿ ಹೊಂಡ ಸೇರಬೇಕು. ಮೊನ್ನೆಯ ಭರಣಿ ಮಳೆಗೆ ಒಂದು ತಿರುವಿನಲ್ಲಿ ಉಕ್ಕಿತು. ಅಲ್ಲಿ ಕಲ್ಲು ಕಟ್ಟಿಸುತ್ತಿದ್ದೇನೆ.

ಈಗ ಮೊದಲ ಹಂತದಲ್ಲಿ ಮಣ್ಣು ತುಂಬುತ್ತಿದ್ದಾರೆ. 15 ಸೆಂಟಿಮೀಟರಿನ ಪದರ, ಹದವಾಗಿ ನೀರು, ಮೇಲೆ ರೋಲರ್. ‘ನೀರು ಕಟ್ಟಿ ಬಿಟ್ಟರೆ ತಾನಾಗಿ ಕೂರುತ್ತದೆ’ ಎಂಬ ಮೇಸ್ತ್ರಿಯ ಸಲಹೆಯನ್ನು ನಯವಾಗಿ ತಳ್ಳಿಹಾಕಿದೆ. ಪಾಯ ಹೇಗೂ ತುಂಬಿದ ಮಣ್ಣು ದಾಟಿ ಗರಸಿನ ಮೇಲೆಯೇ ಕೂರುತ್ತದೆ, ಆದರೆ ಮನೆಯೊಳಗಿನ ನೆಲ ಕುಸಿಯಬಾರದಲ್ಲ. ಪದರದಿಂದ ತೆಗೆದ ಮಣ್ಣಿನ ಮಾದರಿ ಪ್ರಯೋಗಾಲಯಕ್ಕೆ ಹೋಗಿದೆ. ಪ್ರಯೋಗಾಲಯದಲ್ಲಿ ಅದೇ ಮಣ್ಣನ್ನು ಕುಟ್ಟಿದಾಗ ಸಿಗುವ ಗರಿಷ್ಠ ಸಾಂದ್ರತೆಯ ಶೇಕಡ 95 ಬಂದರೆ ಎರಡನೇ ಪದರ, ಇಲ್ಲದಿದ್ದರೆ ಅದನ್ನೇ ಕೆದಕಿ ಮತ್ತೆ ರೋಲರ್. ಸುಣ್ಣದ ಗೆರೆ ಹಾಕುವುದು ಅದಾದ ಮೇಲೆ.