ಕಿತ್ತೂರಿನಿಂದ ನಂದಗಡದವರೆಗೆ: ಒಂದು ಹೋರಾಟದ ಜಾಡಿನಲ್ಲಿ

ಕಿತ್ತೂರು ನೋಡಲು ಬರುವವರಲ್ಲಿ ಹೆಚ್ಚಿನವರು ಪುಣೆ–ಬೆಂಗಳೂರು ಹೆದ್ದಾರಿಯಿಂದ ಇಳಿದು, ಕೋಟೆಯೊಳಗೆ ಒಂದು ಸುತ್ತು ಹಾಕಿ, ಫೋಟೊ ತೆಗೆಸಿಕೊಂಡು ಹೊರಟುಬಿಡುತ್ತಾರೆ. ಅರ್ಧ ಬಯಲಾಟ ನೋಡಿ ಎದ್ದುಬಂದ ಹಾಗೆ ಅದು. ರಾಣಿ ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ ಬ್ರಿಟಿಷರ ವಿರುದ್ಧ ನಡೆಸಿದ ಹೋರಾಟ ಆ ಕೋಟೆಯ ಬಾಗಿಲಲ್ಲಿ ಶುರುವಾಯಿತು ನಿಜ. ಆದರೆ ಮುಂದಿನ ಆರೇಳು ವರ್ಷ ಅದು ಉಳಿದದ್ದು ಬೈಲಹೊಂಗಲದ ಸೆರೆಯಲ್ಲಿ, ಸಂಗೊಳ್ಳಿಯ ಮನೆಗಳಲ್ಲಿ, ಖಾನಾಪುರದ ಕಾಡುಗಳಲ್ಲಿ. ಆದ್ದರಿಂದ ಘಟನೆಗಳು ನಡೆದ ಕ್ರಮದಲ್ಲೇ ಈ ಊರುಗಳನ್ನು ನೋಡಬೇಕೆಂದು ನಿಶ್ಚಯಿಸಿ ನಾನು ಹೊರಟೆ.

ಹಾಗೆ ನೋಡುವುದಾದರೆ ಮೊದಲು ಧಾರವಾಡ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೊರೆ ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡಾಗ, ಆತ ದತ್ತು ಪಡೆದಿದ್ದ ಹುಡುಗನನ್ನು ವಾರಸುದಾರನೆಂದು ಒಪ್ಪದೆ, ಸಂಸ್ಥಾನದ ಖಜಾನೆಗೆ ಕಾವಲು ಹಾಕಿಸಿದವನು ಧಾರವಾಡದ ಕಲೆಕ್ಟರ್ ಥ್ಯಾಕರೆ. ದತ್ತುಮಕ್ಕಳ ಹಕ್ಕನ್ನು ಒಪ್ಪದೆ ಸಂಸ್ಥಾನಗಳನ್ನು ಕಸಿದುಕೊಂಡವನೆಂದು ಹೆಸರಾದ ಡಾಲ್‌ಹೌಸಿ ಗವರ್ನರ್ ಜನರಲ್ ಆಗಿ ಬರುವುದಕ್ಕೆ ಇನ್ನೂ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲವಿತ್ತು ಎಂಬುದನ್ನು ನೆನೆದರೆ ಈ ಜಗಳದ ತೂಕ ಅರಿವಾಗುತ್ತದೆ. ಮುಂದೆ ಕಿತ್ತೂರಿನ ಕಾಳಗದಲ್ಲಿ ಸತ್ತ ಥ್ಯಾಕರೆ ಮತ್ತು ಅವನೊಂದಿಗೆ ಸತ್ತ ಅಧಿಕಾರಿಗಳ ಸ್ಮಾರಕ ಸ್ತಂಭ ಧಾರವಾಡದಲ್ಲಿದೆ. ಶತ್ರುಗಳ ಸ್ಮಾರಕವೆಂದು ಅದನ್ನು ಬಿಟ್ಟು ಮುಂದೆ ಹೋಗಬಾರದು. ಕಿತ್ತೂರಿನವರು ಕೊಟ್ಟ ಪೆಟ್ಟು ಎಷ್ಟು ಬಲವಾಗಿತ್ತು ಎಂಬುದಕ್ಕೆ ಪೆಟ್ಟು ತಿಂದವರೇ ನಿಲ್ಲಿಸಿದ ಸಾಕ್ಷಿ ಅದು.

ಕಿತ್ತೂರಿನ ಕೋಟೆಯೊಳಗೆ ಅರಮನೆಯ ಚಾವಣಿ ಎಲ್ಲಿಯೂ ಉಳಿದಿಲ್ಲ. ಉಳಿದಿರುವುದು ದಪ್ಪ ಗೋಡೆಗಳು, ಅಲ್ಲಲ್ಲಿ ಕಮಾನುಗಳು, ಕೋಣೆಗಳ ತಳಪಾಯ. ಒಂದು ಗೋಡೆಯ ದಪ್ಪದಲ್ಲಿ ಓರೆಯಾಗಿ ಕೊರೆದ ದುಂಡನೆಯ ಕಿಂಡಿಯಿದೆ. ಧ್ರುವ ನಕ್ಷತ್ರವನ್ನು ನೋಡಲು ಮಾಡಿದ್ದೆಂದು ಎಲ್ಲರೂ ಅದನ್ನು ತೋರಿಸುತ್ತಾರೆ. ನಾನು ಹಗಲಿನಲ್ಲಿ ಅದಕ್ಕೆ ಕಣ್ಣಿಟ್ಟಾಗ ಕಂಡದ್ದು ಅಂಗೈಯಗಲದ ಆಕಾಶ ಮಾತ್ರ. ಆದರೂ ಇಷ್ಟು ದಪ್ಪದ ಗೋಡೆಯಲ್ಲಿ ಒಂದೇ ಒಂದು ನಕ್ಷತ್ರಕ್ಕಾಗಿ ದಾರಿ ಬಿಟ್ಟವರ ಲೆಕ್ಕಾಚಾರಕ್ಕೆ ಬೆರಗಾದೆ. ಕೋಟೆಯ ಆವರಣದಲ್ಲೇ ಇರುವ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯದಲ್ಲಿ ಆಯುಧಗಳೂ ಶಾಸನಗಳೂ ಇವೆ.

ನಾನು ಹೆಚ್ಚು ಹೊತ್ತು ಕಳೆದದ್ದು ಕೋಟೆಬಾಗಿಲ ಬಳಿ. 1824ರ ಅಕ್ಟೋಬರ್ 23ರಂದು ಥ್ಯಾಕರೆ ಗಡುವು ಕೊಟ್ಟು, ಬಾಗಿಲು ತೆರೆಯದಿದ್ದರೆ ತೋಪಿನಿಂದ ಒಡೆಯುವುದಾಗಿ ಬೆದರಿಸಿದ್ದ. ಬಾಗಿಲು ತೆರೆಯಿತು, ಆದರೆ ಶರಣಾಗಲು ಅಲ್ಲ. ಒಳಗಿದ್ದ ಪಡೆ ಒಮ್ಮೆಲೇ ನುಗ್ಗಿ ಬಂತು. ಅಮಟೂರು ಬಾಳಪ್ಪನ ಗುಂಡಿಗೆ ಥ್ಯಾಕರೆ ಉರುಳಿದ. ಸ್ಟೀವನ್‌ಸನ್ ಮತ್ತು ಎಲಿಯಟ್ ಎಂಬ ಅಧಿಕಾರಿಗಳು ಸೆರೆ ಸಿಕ್ಕರು. ರಾಣಿ ಚೆನ್ನಮ್ಮ ಆ ಇಬ್ಬರಿಗೂ ಯಾವ ತೊಂದರೆಯನ್ನೂ ಮಾಡದೆ ಇಟ್ಟುಕೊಂಡು ಬಳಿಕ ಬಿಟ್ಟುಕಳಿಸಿದಳು. ಈ ವಾಲ್ಟರ್ ಎಲಿಯಟ್ಟನೇ ಮುಂದೆ ಕನ್ನಡ ನಾಡಿನ ಐನೂರಕ್ಕೂ ಹೆಚ್ಚು ಶಾಸನಗಳ ಪ್ರತಿ ಮಾಡಿಸಿ ಸಂಗ್ರಹಿಸಿದವನು. ಕಿತ್ತೂರಿನ ಸೆರೆಯಾಳಿನ ಆ ಕೆಲಸದಿಂದ ನಮ್ಮ ಇತಿಹಾಸಕಾರರಿಗೆ ಎಷ್ಟು ಉಪಕಾರವಾಗಿದೆ ಎಂಬುದನ್ನು ಆ ಬಾಗಿಲ ಮುಂದೆ ನಿಂತವರಿಗೆ ಯಾರಾದರೂ ಹೇಳಬೇಕು.

ಡಿಸೆಂಬರಿನಲ್ಲಿ ದೊಡ್ಡ ಸೈನ್ಯ ಬಂತು. ಕಿತ್ತೂರು ಬಿದ್ದಿತು. ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ರಲ್ಲಿ ಆಕೆ ಅಲ್ಲಿಯೇ ತೀರಿಕೊಂಡಳು. ಸಮಾಧಿ ಊರೊಳಗೇ ಇದೆ. ಕುದುರೆಯೇರಿ ಕತ್ತಿ ಹಿರಿದ ಚೆನ್ನಮ್ಮನ ಪ್ರತಿಮೆಗಳನ್ನು ಹುಬ್ಬಳ್ಳಿಯಿಂದ ಬೆಂಗಳೂರಿನವರೆಗೆ ಕಾಣುತ್ತೇವೆ, ಆದರೆ ಕಾಕತಿಯ ದೇಸಾಯಿ ಮನೆತನದಲ್ಲಿ ಹುಟ್ಟಿ, ಗಂಡನನ್ನೂ ರಾಜ್ಯವನ್ನೂ ಕಳೆದುಕೊಂಡು, ನಾಲ್ಕು ವರ್ಷಕ್ಕೂ ಮೀರಿ ಸೆರೆಯಲ್ಲಿ ಕಳೆದ ಹೆಣ್ಣುಮಗಳ ನೆನಪಾಗುವುದು ಬೈಲಹೊಂಗಲದಲ್ಲಿ. ನಾಡಿನ ಪ್ರತಿಯೊಂದು ಶಾಲೆಯ ಮಕ್ಕಳನ್ನೂ ಇಲ್ಲಿಗೆ ಒಮ್ಮೆ ಕರೆತರಬೇಕು.

ಅಲ್ಲಿಂದ ಸಂಗೊಳ್ಳಿ ದೂರವಲ್ಲ. ಕಿತ್ತೂರಿನ ಕಾಳಗದಲ್ಲಿದ್ದ ರಾಯಣ್ಣ ರಾಣಿಯ ಮರಣಾನಂತರ ದತ್ತುಪುತ್ರನ ಹೆಸರಿನಲ್ಲಿ ಮತ್ತೆ ದಂಡು ಕಟ್ಟಿ, ಸರ್ಕಾರಿ ಕಚೇರಿಗಳನ್ನೂ ಖಜಾನೆಗಳನ್ನೂ ಗುರಿಯಾಗಿಟ್ಟು ದಾಳಿ ನಡೆಸಿದ. ಅವನ ಪಡೆಯಲ್ಲಿ ಬಿಚ್ಚುಗತ್ತಿ ಚನ್ನಬಸಪ್ಪನಿದ್ದ, ಸಿದ್ದಿ ಸಮುದಾಯದ ಗಜವೀರನಿದ್ದ, ಭೂಮಿ ಕಳೆದುಕೊಂಡ ಸಾಮಾನ್ಯ ರೈತರಿದ್ದರು. ಈ ಕಥೆಯನ್ನು ಕಾಗದಪತ್ರಗಳಿಗಿಂತ ಹೆಚ್ಚಾಗಿ ಕಾಪಾಡಿದವು ಈ ಭಾಗದ ಲಾವಣಿಗಳು. ಅಂಥದ್ದೊಂದನ್ನು 19ನೆಯ ಶತಮಾನದಲ್ಲೇ ಸಂಗ್ರಹಿಸಿ ಅಚ್ಚು ಹಾಕಿಸಿದವನು ಕೂಡ ಬ್ರಿಟಿಷ್ ಅಧಿಕಾರಿಯೇ, ಜೆ. ಎಫ್. ಫ್ಲೀಟ್.

ರಾಯಣ್ಣ ಮೋಸದಿಂದ ಸೆರೆಸಿಕ್ಕದ್ದು 1830ರಲ್ಲಿ. 1831ರ ಜನವರಿ 26ರಂದು ನಂದಗಡದ ಹೊರವಲಯದ ಆಲದ ಮರಕ್ಕೆ ಅವನನ್ನು ನೇಣು ಹಾಕಿದರು. ಅವನ ಸಮಾಧಿಯ ಮೇಲೆ ಸಂಗಡಿಗನೊಬ್ಬ ನೆಟ್ಟ ಆಲದ ಸಸಿಯೇ ಬೆಳೆದು ಈಗಿನ ಹೆಮ್ಮರವಾಗಿದೆ ಎಂದು ಜನ ನಂಬುತ್ತಾರೆ. ಆ ಆಲದ ಬಿಳಲುಗಳಿಗೆ ಪುಟ್ಟ ಪುಟ್ಟ ತೊಟ್ಟಿಲುಗಳನ್ನು ಕಟ್ಟಿದ್ದಾರೆ. ಮಕ್ಕಳಾಗಲೆಂದು, ಹುಟ್ಟಿದರೆ ರಾಯಣ್ಣನಂಥ ಮಗ ಹುಟ್ಟಲೆಂದು ಹರಕೆ ಹೊತ್ತವರು ಕಟ್ಟಿದವು ಅವು. ಕೆಲವು ಹೊಸ ಮರದ ಬಣ್ಣದಲ್ಲಿದ್ದವು, ಕೆಲವು ಮಳೆಗೆ ನೆನೆದು ಕಪ್ಪಾಗಿದ್ದವು. ಸರ್ಕಾರ ಎಷ್ಟೇ ಫಲಕ ಹಾಕಿದರೂ ಈ ಮರದ ಸಮಕ್ಕೆ ಬರುವ ಸ್ಮಾರಕ ಈ ದಾರಿಯಲ್ಲಿ ಇನ್ನೊಂದಿಲ್ಲ ಎಂಬುದು ನನ್ನ ಅನಿಸಿಕೆ.

ಹೋಗುವವರು ಕಿತ್ತೂರಿಗೆ ಅರ್ಧ ದಿನವನ್ನಾದರೂ ಇಟ್ಟುಕೊಂಡು, ನಂದಗಡಕ್ಕೆ ಹಗಲಿರುವಾಗಲೇ ತಲುಪುವಂತೆ ಹೊರಡುವುದು ಒಳ್ಳೆಯದು. ಅಕ್ಟೋಬರ್ 23ರ ಆಸುಪಾಸಿನಲ್ಲಿ ನಡೆಯುವ ಕಿತ್ತೂರು ಉತ್ಸವದ ಹೊತ್ತಿಗೆ ಹೋದರೆ ಮೆರವಣಿಗೆ, ಜನಪದ ಕಲೆಗಳು ನೋಡಸಿಗುತ್ತವೆ, ಆದರೆ ಕೋಟೆಯನ್ನು ನಿಧಾನವಾಗಿ ನೋಡಲು ಬೇರೆ ದಿನವೇ ಬೇಕು. ನಾನು ಇನ್ನು ಬಾಳಪ್ಪನ ಊರಾದ ಅಮಟೂರಿಗೆ ಹೋಗಬೇಕಾಗಿದೆ.