ಡಿಡಿ ಕೊಡುವ ಮುಂಚೆ

ನಾನು ಬೆಂಗಳೂರಿನ ಒಂದು ಬ್ಯಾಂಕಿನ ಹೋಮ್ ಲೋನ್ ವಿಭಾಗದಲ್ಲಿದ್ದೇನೆ. ರಿಜಿಸ್ಟ್ರೇಷನ್ ದಿನ ಮಾರುವವರಿಗೆ ಕೊಡುವ ಸಾಲದ ಹಣದ ಡಿಡಿ (ಡಿಮ್ಯಾಂಡ್ ಡ್ರಾಫ್ಟ್) ಹಿಡಿದುಕೊಂಡು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗುವುದೂ ನನ್ನ ಕೆಲಸವೇ. ಅಲ್ಲಿ ಕಾದು ಕೂತು ಕಲಿತದ್ದೊಂದಿದೆ. ಡಿಡಿ ಸಿಗುವ ತನಕ ಮಾರುವವರು ಮೊದಲ ರಿಂಗಿಗೇ ಫೋನ್ ಎತ್ತುತ್ತಾರೆ. ಸಿಕ್ಕ ಮೇಲೆ ಅವರ ಪಾಡು ಅವರಿಗೆ. ಅದು ತಪ್ಪೂ ಅಲ್ಲ. ಹಾಗಾಗಿ ಅವರ ಸಹಿಯೋ ಕಾಗದವೋ ಬೇಕಾಗುವ ಕೆಲಸ ಏನೇ ಇದ್ದರೂ ಅದಕ್ಕೆ ಮುಂಚೆಯೇ ಮುಗಿಸಿಕೊಳ್ಳಬೇಕು.

ಮುಖ್ಯವಾದದ್ದು ಕ್ರಯಪತ್ರದ ಡ್ರಾಫ್ಟ್. ಜಾಸ್ತಿ ಜನ ಹೆಸರು, ಮೊತ್ತ ನೋಡಿ ‘ಓಕೆ ಸಾರ್’ ಅಂದುಬಿಡುತ್ತಾರೆ. ತಪ್ಪು ಕೂತಿರುವುದು ಆಸ್ತಿಯ ವಿವರ ಇರುವ ಕೊನೆಯ ಷೆಡ್ಯೂಲ್‌ನಲ್ಲಿ. ಚಕ್ಕುಬಂದಿಯನ್ನು, ಅಂದರೆ ನಾಲ್ಕೂ ದಿಕ್ಕಿಗೆ ಏನಿದೆ ಅನ್ನುವುದನ್ನು, ಹಳೆಯ ಪತ್ರದಿಂದ ಹಾಗೇ ಎತ್ತಿ ಹಾಕಿರುತ್ತಾರೆ. ‘ಪೂರ್ವಕ್ಕೆ ಖಾಲಿ ನಿವೇಶನ’ ಅಂತ ಇರುತ್ತದೆ, ಅಲ್ಲಿ ಮೂರಂತಸ್ತಿನ ಮನೆ ಎದ್ದಿರುತ್ತದೆ. ಪೂರ್ವ, ಪಶ್ಚಿಮ ಅದಲು ಬದಲಾಗಿದ್ದರಂತೂ ಇನ್ನೂ ಕಷ್ಟ. ಡ್ರಾಫ್ಟ್ ಹಿಡಿದು ಜಾಗಕ್ಕೇ ಹೋಗಿ ನಾಲ್ಕೂ ದಿಕ್ಕು ನೋಡಿ ಬನ್ನಿ. ಅಳತೆಯನ್ನು ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಜೊತೆ ತಾಳೆ ಮಾಡಿ. ಫ್ಲ್ಯಾಟ್ ಆದರೆ ಜಮೀನಿನಲ್ಲಿ ನಿಮ್ಮ ಅವಿಭಜಿತ ಪಾಲು ಎಷ್ಟು ಚದರ ಅಡಿ, ಪಾರ್ಕಿಂಗ್ ಬರೆದಿದೆಯಾ ನೋಡಿ. ರಿಜಿಸ್ಟರ್ ಆದ ಮೇಲೆ ಸರಿಪಡಿಸಬೇಕೆಂದರೆ ತಿದ್ದುಪಡಿ ಪತ್ರ ಬೇಕು. ಅದಕ್ಕೆ ಮಾರಿದವರೇ ಮತ್ತೆ ಬಂದು ಸಹಿ ಹಾಕಬೇಕು. ಅಷ್ಟರಲ್ಲಿ ಅವರು ಮಗಳ ಬಾಣಂತನಕ್ಕೆ ಅಂತ ಅಮೆರಿಕಕ್ಕೆ ಹೋಗಿರುತ್ತಾರೆ.

ಹೆಸರಿನದ್ದೂ ಇದೇ ಕಥೆ. ಆಧಾರ್‌ನಲ್ಲಿ ಇನಿಷಿಯಲ್ ಹಿಂದೆ, ಪ್ಯಾನ್‌ನಲ್ಲಿ ಅಪ್ಪನ ಹೆಸರು ಪೂರ್ತಿ, ಹಳೆಯ ಪತ್ರದಲ್ಲಿ ಊರಿನ ಹೆಸರೂ ಸೇರಿ ಮೂರನೆಯದೇ ಒಂದು. ನಮ್ಮ ಕಡೆ ಇದು ಮಾಮೂಲು. ಅವರೆಲ್ಲ ಒಬ್ಬರೇ ಅಂತ ಒಂದು ಅಫಿಡವಿಟ್ ಮೊದಲೇ ಮಾಡಿಸಿಟ್ಟುಕೊಂಡರೆ ನಮ್ಮ ಲೀಗಲ್ ಪ್ಯಾನೆಲ್ ವಕೀಲರು ಫೈಲ್ ವಾಪಸ್ ಕಳಿಸುವುದು ತಪ್ಪುತ್ತದೆ.

ಇನ್ನು ದುಡ್ಡು. 80 ಲಕ್ಷದ ಫ್ಲ್ಯಾಟ್ ಅಂದುಕೊಳ್ಳಿ. 30 ಲಕ್ಷ ದಾಟಿ 75 ಲಕ್ಷದವರೆಗಿನ ಸಾಲಕ್ಕೆ ರಿಸರ್ವ್ ಬ್ಯಾಂಕ್ ಮಿತಿ ಬೆಲೆಯ ಶೇ 80. ಅಂದರೆ ನಮ್ಮಿಂದ ಹೆಚ್ಚೆಂದರೆ 64 ಲಕ್ಷ. ಉಳಿದ 16 ಲಕ್ಷ ನಿಮ್ಮದು, ಇದು ಎಲ್ಲರಿಗೂ ಗೊತ್ತು. ಸ್ಟ್ಯಾಂಪ್ ಡ್ಯೂಟಿ ಶೇ 5, ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ ನಗರದಲ್ಲಿ 5.6 ಆಗುತ್ತದೆ. 2025ರ ಆಗಸ್ಟ್ ಕೊನೆಯಿಂದ ರಿಜಿಸ್ಟ್ರೇಷನ್ ಶುಲ್ಕ ಶೇ 1ರಿಂದ 2ಕ್ಕೆ ಏರಿದೆ. ಒಟ್ಟು 6 ಲಕ್ಷ 8 ಸಾವಿರ ರೂಪಾಯಿ. ಇದಕ್ಕೆ ನಮ್ಮ ಸಾಲ ಬರುವುದಿಲ್ಲ, ನಿಮ್ಮ ಜೇಬಿನಿಂದಲೇ ಹೋಗಬೇಕು. ಕೊನೇ ವಾರ ಚಿನ್ನ ಅಡವಿಡಲು ಓಡುವವರನ್ನು ನೋಡಿದರೆ ಬೇಜಾರಾಗುತ್ತದೆ.

ಬೆಲೆ 50 ಲಕ್ಷ ಮುಟ್ಟಿದರೆ ಶೇ 1 ಟಿಡಿಎಸ್ (ಮೂಲದಲ್ಲೇ ಹಿಡಿಯುವ ಆದಾಯ ತೆರಿಗೆ) ಕೂಡ ಇದೆ. ಈ ಲೆಕ್ಕದಲ್ಲಿ 80 ಸಾವಿರ. ಇದು ಹೊಸ ಖರ್ಚಲ್ಲ, ಮಾರುವವರಿಗೆ ಕೊಡುವುದರಲ್ಲೇ ಹಿಡಿದು ಸರ್ಕಾರಕ್ಕೆ ಕಟ್ಟುವುದು. ಆದರೆ ಮೊದಲೇ ಹೇಳದೆ ಆಫೀಸಿನ ಬೆಂಚಿನ ಮೇಲೆ ಹೇಳಿದರೆ ಜಗಳ ಗ್ಯಾರಂಟಿ. ‘ನನ್ನ ದುಡ್ಡಲ್ಲಿ ಯಾಕ್ರೀ ಕಟ್ ಮಾಡ್ತೀರಾ?’ ಅಂತ ಎದ್ದು ಹೋದವರಿದ್ದಾರೆ. ಕರಾರಿನಲ್ಲೇ ಬರೆಸಿಬಿಡಿ. ಮಾರುವವರು ಎನ್‌ಆರ್‌ಐ ಆದರೆ ನಿಯಮವೇ ಬೇರೆ, ಹಿಡಿಯುವ ಮೊತ್ತವೂ ಜಾಸ್ತಿ. ಮುಂಗಡ ಕೊಡುವ ಮೊದಲೇ ಆಡಿಟರ್ ಹತ್ತಿರ ಹೋಗಿ.

ಮಾರುವವರ ಸಾಲ ಬಾಕಿ ಇದ್ದರೆ ಅವರ ಬ್ಯಾಂಕಿನಲ್ಲಿ ಮೂಲಪತ್ರಗಳು ಏನೇನಿವೆ ಅನ್ನುವ ಪಟ್ಟಿ ಮೊದಲು ತರಿಸಿ. ಸಾಲ ತೀರಿದ ಮೇಲೆ 30 ದಿನದೊಳಗೆ ಪತ್ರ ವಾಪಸ್ ಕೊಡದಿದ್ದರೆ ಬ್ಯಾಂಕು ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ ನಿಯಮ ಇದೆ. ಇರಲಿ, ಅದನ್ನು ನಂಬಿಕೊಂಡು ಕೂರಬೇಡಿ.

ಈಗ ನೋಂದಣಿ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಕಾವೇರಿ 2.0ರಲ್ಲಿ ಪತ್ರ ಮೊದಲೇ ಅಪ್‌ಲೋಡ್ ಆಗಿ, ಪರಿಶೀಲನೆ ಮುಗಿದು, ಶುಲ್ಕ ಕಟ್ಟಿದ ಮೇಲೆ ಸಮಯ ಸಿಗುತ್ತದೆ. ಆಷಾಢದಲ್ಲಿ ಬೇಡ ಅಂತ ಕಾದವರೆಲ್ಲ ಶ್ರಾವಣದಲ್ಲಿ ಒಟ್ಟಿಗೆ ಬರುತ್ತಾರೆ. ರಾಹುಕಾಲ ತಪ್ಪಿಸಿ ಸ್ಲಾಟ್ ಬೇಕು ಅಂದರೆ ಬೇಗ ಶುರು ಮಾಡಬೇಕಷ್ಟೇ.

ಹೊರಡುವ ಮುಂಚೆ ಬೆಸ್ಕಾಂ ಮೀಟರ್ ಹೆಸರು ಬದಲಾವಣೆಗೆ ಮಾರುವವರ ಒಪ್ಪಿಗೆ ಸಹಿ, ಅಸೋಸಿಯೇಷನ್‌ನಿಂದ ಬಾಕಿ ಇಲ್ಲ ಅನ್ನುವ ಪತ್ರ, ಕಡೆಯ ನೀರಿನ ಬಿಲ್ ಮತ್ತು ತೆರಿಗೆ ರಸೀದಿ ಕೇಳಿ ಇಸ್ಕೊಳ್ಳಿ. ನಾನು ಡಿಡಿ ಕೊಡುವ ಮೊದಲು ‘ಎಲ್ಲಾ ಬಂತಾ?’ ಅಂತ ಕೇಳುತ್ತೇನೆ. ಇಲ್ಲ ಅಂದರೆ ಇಲ್ಲ ಅನ್ನಿ, ಇನ್ನೊಂದು ಅರ್ಧ ಗಂಟೆ ಕೂರುತ್ತೇನೆ.