ಮರವಂತೆಗೆ ಹೊರಟವರು ಬೆಂಗ್ರೆಯಲ್ಲಿ ಬಲೆ ಎಳೆದೆವು

ಹಾಲು ತರಲು ಹೋದ ನಮ್ಮ ಯಜಮಾನರು ಹಾಲಿಲ್ಲದೆ ವಾಪಸ್ ಬಂದು, "ಮರವಂತೆಗೆ ಹೋಗೋಣ, ಏಳು" ಅಂದರು. ಭಾನುವಾರ ಬೆಳಿಗ್ಗೆ ಆರೂವರೆ. ಅಕ್ಟೋಬರ್ ತಿಂಗಳು, ಮಳೆ ನಿಂತು ಆಕಾಶ ತೊಳೆದಿಟ್ಟ ಹಾಗಿತ್ತು. ನಾನು ಯಾಕೆ, ಏನು ಅಂತ ಕೇಳಲಿಲ್ಲ. ಮುಖ ತೊಳೆದು, ಎರಡು ಬಾಟಲಿ ನೀರು ತುಂಬಿಕೊಂಡು ಹೊರಟೇಬಿಟ್ಟೆ.

ನಾವು ಮಂಗಳೂರಿಗೆ ಬಂದು ನಾಲ್ಕು ವರ್ಷ ಆಯಿತು. ದಾವಣಗೆರೆ ಕಡೆಯ ನಮಗೆ ಸಮುದ್ರ ಅಂದರೆ ಇವತ್ತಿಗೂ ನೆಂಟರು ಬಂದಾಗ ತೋರಿಸಲು ಕರೆದುಕೊಂಡು ಹೋಗುವ ಜಾಗ. ಮರವಂತೆಯಲ್ಲಿ ಹೆದ್ದಾರಿಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ ನದಿ. ಅದನ್ನು ಬಸ್ಸಿನ ಕಿಟಕಿಯಿಂದ ಒಮ್ಮೆ ನೋಡಿದ್ದು ಬಿಟ್ಟರೆ ಇಳಿದು ನಿಂತಿರಲಿಲ್ಲ. ಇವತ್ತು ನಿಲ್ಲೋಣ ಅಂತ ಹೊರಟಿದ್ದು. ನಿಲ್ಲಲಿಲ್ಲ, ಆ ಕಥೆ ಮುಂದೆ.

ಕಾಪುವಿನಲ್ಲಿ ಹದಿನೈದು ನಿಮಿಷ ಇಳಿದೆವು. 1901ರ ದೀಪಸ್ತಂಭ ಬಂಡೆಯ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಅಷ್ಟು ಬೆಳಿಗ್ಗೆ ಬಾಗಿಲು ಹಾಕಿತ್ತು. ಮಲ್ಪೆ ಬೀಚಿನಲ್ಲಿ ಅಷ್ಟು ಹೊತ್ತೂ ನಿಲ್ಲಲಿಲ್ಲ. ಮೋಟಾರ್ ಬೋಟುಗಳ ಸದ್ದು, ಮೈಕು, ಸೆಲ್ಫಿಗೆ ಸಾಲು. ನನಗಂತೂ ಸಮುದ್ರದ ಮುಂದೆ ಸ್ಪೀಕರ್ ಇಟ್ಟು ಹಾಡು ಹಾಕುವುದು ಸ್ವಲ್ಪವೂ ಇಷ್ಟವಿಲ್ಲ. ಟೀ ಕುಡಿಯುವಾಗ ಅಂಗಡಿಯವರು, "ಹೀಗೇ ಕಡಲ ಬದಿಯ ರಸ್ತೆ ಹಿಡಿದು ಬೆಂಗ್ರೆಗೆ ಹೋಗಿ, ಜನ ಇಲ್ಲ" ಅಂದರು. ನಾವು ಹೆದ್ದಾರಿಗೆ ತಿರುಗದೆ ಅದೇ ದಾರಿ ಹಿಡಿದೆವು.

ಹೂಡೆ ದಾಟಿದ ಮೇಲೆ ನೆಲ ಸಣ್ಣಗಾಗುತ್ತಾ ಹೋಗುತ್ತದೆ. ಎಡಕ್ಕೆ ಮನೆ, ತೆಂಗಿನ ಮರ, ಅದರ ಹಿಂದೆ ಸಮುದ್ರ. ಬಲಕ್ಕೆ ಹೊಳೆ. ಒಂದೊಂದು ಕಡೆ ಕತ್ತು ತಿರುಗಿಸಿದರೆ ಎರಡೂ ನೀರು ಕಾಣುತ್ತವೆ. ತುದಿಯಲ್ಲಿ ಸೀತಾ ಮತ್ತು ಸುವರ್ಣಾ ನದಿಗಳು ಒಟ್ಟಾಗಿ ಕಡಲು ಸೇರುತ್ತವೆ, ಅದೇ ಕೋಡಿ ಬೆಂಗ್ರೆ. ನಾವು ಆ ತುದಿಗೆ ಹೋಗುವ ಮೊದಲೇ ಕೆಟ್ಟೆವು. ಮರದ ನೆರಳಿದೆ ಅಂತ ಇವರು ಕಾರನ್ನು ಡಾಂಬರಿನಿಂದ ಕೆಳಗಿಳಿಸಿದರು. ಹತ್ತು ಅಡಿ ಹೋಗಿರಬಹುದು, ಮುಂದಿನ ಎರಡೂ ಚಕ್ರ ಮರಳಿನಲ್ಲಿ ಕೂತವು.

ಇದನ್ನು ಓದಿ ಆ ಕಡೆ ಹೋಗುವವರಿಗೆ ಹೇಳುತ್ತೇನೆ, ದಯವಿಟ್ಟು ಡಾಂಬರು ಬಿಟ್ಟು ಇಳಿಯಬೇಡಿ. ಮೇಲೆ ಹುಲ್ಲು ಬೆಳೆದಿರುತ್ತದೆ, ಗಟ್ಟಿ ನೆಲ ಅನ್ನಿಸುತ್ತದೆ, ಕೆಳಗೆ ಬರೀ ಮರಳು. ಸಿಕ್ಕಿಕೊಂಡರೆ ಆಕ್ಸಿಲರೇಟರ್ ಒತ್ತಲೇಬೇಡಿ. ನಾವು ಒತ್ತಿದೆವು. ಒತ್ತಿದಷ್ಟೂ ಚಕ್ರ ಗುಂಡಿ ತೋಡಿಕೊಂಡು ಕಾರಿನ ಹೊಟ್ಟೆ ನೆಲಕ್ಕೆ ತಾಗಿತು. ಚಕ್ರದ ಗಾಳಿ ಸ್ವಲ್ಪ ಇಳಿಸಬೇಕು, ಮುಂದಿನ ಮರಳು ಕೈಯಲ್ಲೇ ತೆಗೆದು ತೆಂಗಿನ ಮಡಲು ಹಾಸಬೇಕು, ನಿಧಾನ ಹೊರಡಬೇಕು. ಇದೆಲ್ಲ ಆಮೇಲೆ ಗೊತ್ತಾದದ್ದು. ಆ ಹೊತ್ತಿಗೆ ನಮಗೆ ಗೊತ್ತಿದ್ದದ್ದು ಒಬ್ಬರ ಮೇಲೊಬ್ಬರು ಸಿಟ್ಟಾಗುವುದು ಮಾತ್ರ.

ಸಹಾಯ ಕೇಳೋಣ ಅಂತ ಕಡಲಿನ ಕಡೆ ನಡೆದೆ. ಮರಳಿನ ದಿಬ್ಬ ಹತ್ತಿದರೆ ಅಲ್ಲಿ ಎರಡು ಗುಂಪು ಜನ. ನಡುವೆ ಇನ್ನೂರು ಮೀಟರ್ ಅಂತರ. ಎರಡು ಗುಂಪೂ ಸಮುದ್ರದಿಂದ ಒಂದೊಂದು ಹಗ್ಗ ಎಳೆಯುತ್ತಿದ್ದವು. ಒಬ್ಬ ಹಿರಿಯರ ಹತ್ತಿರ ಹೋಗಿ ವಿಷಯ ಹೇಳಿದೆ. ಅವರು ಹಗ್ಗ ಬಿಡದೆಯೇ, "ಎಂತ ಮಾರಾಯ್ರೆ, ಹೊಯ್ಗೆಗೆ ಇಳಿಸಿದ್ದಾ? ಬಲೆ ಮೇಲೆ ಬರ್ಲಿ, ಆಮೇಲೆ ನೋಡುವ" ಅಂದರು.

ಎಷ್ಟು ಹೊತ್ತಾಗಬಹುದು ಅಂತ ಕೇಳಿದೆ. "ನೀವೂ ಕೈ ಹಾಕಿದ್ರೆ ಬೇಗ ಆಗ್ತದೆ."

ಇವರು ಪ್ಯಾಂಟು ಮಡಚಿದರು. ನಾನು ದುಪಟ್ಟಾ ಸೊಂಟಕ್ಕೆ ಕಟ್ಟಿದೆ.

ಅದು ಕೈರಂಪಣಿ. ದೋಣಿಯಲ್ಲಿ ಬಲೆ ತೆಗೆದುಕೊಂಡು ಹೋಗಿ ಕಡಲಿನಲ್ಲಿ ಅರ್ಧಚಂದ್ರದ ಹಾಗೆ ಬಿಡುತ್ತಾರೆ, ಎರಡು ತುದಿಯ ಹಗ್ಗ ಮಾತ್ರ ದಡದಲ್ಲಿ. ಎಳೆಯುವುದು ತೋಳಿನಿಂದ ಅಂದುಕೊಂಡಿದ್ದೆ. ಅಲ್ಲ. ಹಗ್ಗವನ್ನು ಸೊಂಟದ ಹತ್ತಿರ ಹಿಡಿದು, ಮೈಭಾರ ಹಿಂದಕ್ಕೆ ಹಾಕಿ ಒಂದೊಂದೇ ಹೆಜ್ಜೆ ಹಿಂದೆ ಇಡಬೇಕು. ಎಲ್ಲರಿಗಿಂತ ಹಿಂದೆ ಬಂದವನು ಹಗ್ಗ ಬಿಟ್ಟು, ನಡೆದು ಹೋಗಿ ನೀರಿನ ಹತ್ತಿರ ಮೊದಲನೆಯವನಾಗಿ ಮತ್ತೆ ಹಿಡಿಯುತ್ತಾನೆ. ಹೀಗೆ ಸರಪಳಿ ತಿರುಗುತ್ತಲೇ ಇರುತ್ತದೆ. ಅಲೆ ವಾಪಸ್ ಹೋಗುವಾಗ ಹಗ್ಗ ನಮ್ಮನ್ನೇ ಎಳೆಯುತ್ತದೆ. ಆಗ ಯಾರೂ ಎಳೆಯುವುದಿಲ್ಲ, ಕಾಲೂರಿ ಸುಮ್ನೆ ನಿಲ್ಲುತ್ತಾರೆ. ಅಲೆ ದಡಕ್ಕೆ ಬರುವಾಗ ಒಬ್ಬ ಏನೋ ಕೂಗುತ್ತಾನೆ, ಎಲ್ಲರೂ ಒಟ್ಟಿಗೆ ಹಿಂದೆ ಸರಿಯುತ್ತಾರೆ. ಇದು ನನಗೆ ಹತ್ತು ನಿಮಿಷದಲ್ಲಿ ಕಾಲಿಗೆ ಅರ್ಥವಾಯಿತು, ಯಾರೂ ಹೇಳಿಕೊಡಲಿಲ್ಲ.

ಸಾಲಿನಲ್ಲಿ ನನ್ನ ಮುಂದೆಯೇ ಆ ಅಜ್ಜ ಇದ್ದರು. ಎಪ್ಪತ್ತು ದಾಟಿರಬೇಕು. ಅವರು ಮುಂದೆ ನೋಡುತ್ತಲೇ ಮಾತಾಡಿದರು, ನಾನು ಅವರ ಬೆನ್ನಿಗೆ ಉತ್ತರ ಕೊಟ್ಟೆ.

"ಇದು ದೊಡ್ಡ ಬಲೆ ಅಲ್ವಾ ಅಜ್ಜ?" ಅಂದೆ.

"ಇದಾ? ಇದು ರಂಪಣಿಯ ಮೊಮ್ಮಗು. ನಾನು ಹುಡುಗ ಆಗಿರುವಾಗ ಇದ್ದದ್ದು ರಂಪಣಿ. ನೂರು ಜನ ಬೇಕು ಎಳೀಲಿಕ್ಕೆ. ಒಂದೊಂದು ಮನೆಯದ್ದು ಒಂದೊಂದು ತುಂಡು ಬಲೆ, ಎಲ್ಲ ಸೇರಿಸಿದ್ರೆ ಒಂದು ರಂಪಣಿ. ಬಂಗುಡೆ ಬಿದ್ರೆ ಎಲ್ಲ ಮನೆಗೂ ಪಾಲು. ಗಂಡಸು ಸತ್ತ ಮನೆಗೂ, ಅವರ ಬಲೆ ಉಂಟಲ್ಲ."

ಆಮೇಲೆ ಪರ್ಸೀನ್ ಬೋಟು ಬಂದವಂತೆ. 1970ರ ದಶಕದ ಮಾತು. ಮೀನಿನ ಹಿಂಡು ದಡಕ್ಕೆ ಬರುವವರೆಗೆ ಕಾಯುವ ಕೆಲಸವೇ ಇಲ್ಲ, ಬೋಟಿನಲ್ಲಿ ಹೋಗಿ ಹಿಂಡನ್ನೇ ಸುತ್ತುವರಿದು ಹಿಡಿಯಬಹುದು. ಕೆಲವೇ ವರ್ಷಗಳಲ್ಲಿ ರಂಪಣಿ ನಿಂತುಹೋಯಿತು. "ನಮ್ಮ ಮನೆಯ ತುಂಡು ಅಟ್ಟದಲ್ಲಿ ಇತ್ತು, ಇಲಿ ತಿಂದು ಮುಗಿಸಿತು" ಅಂದರು.

ಮಗ ಏನು ಮಾಡುತ್ತಾರೆ ಅಂತ ಕೇಳಿದೆ. ಮಲ್ಪೆಯಿಂದ ಹೊರಡುವ ಆಳಸಮುದ್ರದ ಬೋಟಿನಲ್ಲಿದ್ದಾರಂತೆ. ಹೋದರೆ ಹತ್ತು ದಿನ.

"ಬೋಟಿನ ಮೇಲೆ ಸಿಟ್ಟಿಲ್ವಾ ನಿಮಗೆ?"

ಅಜ್ಜ ಆಗ ತಿರುಗಿ ನೋಡಿದರು. "ಮಗನ ಅನ್ನದ ಮೇಲೆ ಸಿಟ್ಟು ಮಾಡ್ಲಿಕ್ಕೆ ಆಗ್ತದಾ ಮಗಾ? ಮಳೆಗಾಲದಲ್ಲಿ 61 ದಿನ ಬೋಟು ಬಂದ್. ಜೂನ್, ಜುಲೈ. ಅವ ಮನೆಯಲ್ಲಿ ಸರಿ ಇರುದು ಅಷ್ಟೇ. ಆ ದಿನ ಅವನ ಮಗಳು ಶಾಲೆಗೆ ಹೋಗುದಿಲ್ಲ ಅಂತ ಹಟ ಮಾಡ್ತದೆ. ನಾನು ನೋಡಿ, ಬೆಳಿಗ್ಗೆ ಬಲೆ ಎಳೆದು ಹೊತ್ತಿಗೆ ಸರಿಯಾಗಿ ಗಂಜಿಗೆ ಮನೆಗೆ ಹೋಗ್ತೇನೆ. ನನ್ನ ಅಪ್ಪನೂ ಹಾಗೇ ಬರ್ತಿದ್ರು."

ಮುಂದೆ ಏನು ಕೇಳಬೇಕೋ ನನಗೆ ತಿಳಿಯಲಿಲ್ಲ. ನನ್ನ ಅಪ್ಪ ಲಾರಿ ಓಡಿಸುತ್ತಿದ್ದವರು. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದರು. ನಾನೂ ಅಂಥ ದಿನ ಹೊಟ್ಟೆನೋವು ಅಂತ ಶಾಲೆ ತಪ್ಪಿಸಿದ್ದೇನೆ. ಅದನ್ನು ಅಜ್ಜನಿಗೆ ಹೇಳಿದೆ. "ಹಾಗೇ ಅದು" ಅಂತಷ್ಟೇ ಅಂದರು. ನಾನು ಹಗ್ಗ ಬಿಟ್ಟು ಮುಂದಕ್ಕೆ ನಡೆದೆ. ನನ್ನ ಸರದಿ ಬಂದಿತ್ತು.

ಬಲೆ ಹತ್ತಿರ ಬಂದ ಹಾಗೆ ಎರಡು ಗುಂಪೂ ಹತ್ತಿರವಾದವು. ಇವರು ಆ ಕಡೆಯ ಗುಂಪಿನಲ್ಲಿದ್ದರು. ಕಾರು ಸಿಕ್ಕಿಕೊಂಡಾಗಿನಿಂದ ಮಾತು ಬಿಟ್ಟಿದ್ದವರು ಎದುರಿಗೆ ಬಂದು ನಕ್ಕರು, ಶರ್ಟು ಪೂರ್ತಿ ಒದ್ದೆ. ಕೊನೆಗೆ ಬಲೆಯ ಚೀಲ ಮರಳಿನ ಮೇಲೆ ಬಂತು. ಬಾಣಲೆಗೆ ಸಾಸಿವೆ ಹಾಕಿದ ಹಾಗೆ ಚಟಪಟ ಸದ್ದು. ಜಾಸ್ತಿ ಏನೂ ಇರಲಿಲ್ಲ. ಸಣ್ಣ ಸಣ್ಣ ಬೆಳ್ಳನೆ ಮೀನು, ಎರಡು ಬುಟ್ಟಿಯಷ್ಟು ಬಂಗುಡೆ, ಲೋಳೆಮೀನು, ಮತ್ತೆ ಪ್ಲಾಸ್ಟಿಕ್. ಬಾಟಲಿ, ಹಾಲಿನ ತೊಟ್ಟೆ, ಒಂದು ಮಗುವಿನ ಚಪ್ಪಲಿ. ಅದನ್ನೆಲ್ಲ ಬೈಯದೆ ಒಂದು ಕಡೆ ಹೆಕ್ಕಿ ಹಾಕಿದರು. ನನಗೇ ಹೊಟ್ಟೆ ಉರಿಯಿತು.

ಜೀವ ಇರುವ ಬಂಗುಡೆಯನ್ನು ನಾನು ಮೊದಲ ಸಲ ಕೈಯಲ್ಲಿ ಹಿಡಿದೆ. ಮಾರ್ಕೆಟ್ಟಿನಲ್ಲಿ ನೋಡುವ ಬೂದು ಬಣ್ಣ ಅಲ್ಲವೇ ಅಲ್ಲ. ಬೆನ್ನು ನೀಲಿ ಹಸಿರು, ಅದರ ಮೇಲೆ ಕಪ್ಪು ಗೆರೆ, ಹೊಟ್ಟೆಯಲ್ಲಿ ಬಂಗಾರದ ಹೊಳಪು. ಬಿಸಿಲಿಗೆ ತಿರುಗಿಸಿದರೆ ಬಣ್ಣ ಓಡಾಡುತ್ತದೆ. ನೋಡುತ್ತಿದ್ದ ಹಾಗೇ ಕೆಲವು ನಿಮಿಷದಲ್ಲಿ ಹೊಳಪು ಇಳಿಯಿತು.

ಆಮೇಲೆ ಎಂಟು ಜನ ಬಂದರು. ಮಡಲು ಹಾಸಿ, ಕಾರಿನ ಮುಂಭಾಗ ಎತ್ತಿ, ಎರಡೇ ನಿಮಿಷದಲ್ಲಿ ರಸ್ತೆಗೆ ಹಾಕಿದರು. ಇವರು ಐನೂರು ರೂಪಾಯಿ ತೆಗೆದಾಗ ಒಬ್ಬ ಹುಡುಗ ಕೈ ಅಡ್ಡ ಹಿಡಿದ. ಅಜ್ಜ ಒಂದು ಚೀಲ ತಂದು ನನ್ನ ಕೈಗೆ ಕೊಟ್ಟರು. ಆರು ಬಂಗುಡೆ. "ಎಳೆದವರಿಗೆ ಪಾಲು ಉಂಟು" ಅಂದರು.

ಆಗಲೇ ಹನ್ನೊಂದೂವರೆ. ಮೀನು ಇಟ್ಟುಕೊಂಡು ಮರವಂತೆಗೆ ಹೋಗುವ ಹಾಗಿರಲಿಲ್ಲ. ನದಿ ಕಡಲು ಸೇರುವ ತುದಿಯಲ್ಲಿ ಐದು ನಿಮಿಷ ನಿಂತು, ಕೆಮ್ಮಣ್ಣು ದಾರಿಯಲ್ಲಿ ಹೆದ್ದಾರಿಗೆ ಬಂದು, ಮಂಗಳೂರಿಗೆ ತಿರುಗಿದೆವು.

ನನಗೆ ಮೀನು ಕೊಯ್ಯಲು ಬರುವುದಿಲ್ಲ. ಪಕ್ಕದ ಮನೆಯ ಅಕ್ಕನ ಹತ್ತಿರ ಹೋದೆ. ಅವರು ಕಿವಿರು ಎತ್ತಿ ನೋಡಿ, "ಎಲ್ಲಿ ಸಿಕ್ಕಿತು ಇಷ್ಟು ಫ್ರೆಶ್ಶು, ಎಷ್ಟು ಕೊಟ್ರಿ?" ಅಂದರು. ನಾನು ಅಂಗೈ ಬಿಡಿಸಿ ತೋರಿಸಿದೆ. ಹಗ್ಗ ತಿಕ್ಕಿದ ಕಡೆ ಎರಡು ಗುಳ್ಳೆ ಎದ್ದಿದ್ದವು.